ಎನ್‌ಗಾಂಗ್ ಬೆಟ್ಟದ ಬುಡದಲ್ಲಿ ಮ್ಸಾಬು ಮತ್ತು ಕಮಾಂಟೆ

ನೈರೋಬಿ ಪೇಟೆಯ ಗದ್ದಲ, ಮಟಾಟು ವ್ಯಾನುಗಳ ಹಾರನ್ನು, ಹೊಗೆ ಇವೆಲ್ಲವನ್ನೂ ಹಿಂದೆ ಬಿಟ್ಟು ನೈರುತ್ಯ ದಿಕ್ಕಿಗೆ ಹೊರಟರೆ ‘ಕರೆನ್’ ಎಂಬ ಬಡಾವಣೆ ಸಿಗುತ್ತದೆ. ದೊಡ್ಡ ದೊಡ್ಡ ಕಾಂಪೌಂಡು, ಎತ್ತರದ ಬೇಲಿ, ಗೇಟಿಗೊಬ್ಬ ಕಾವಲುಗಾರ. ಒಳಗೆ ಮನೆ ಎಲ್ಲಿದೆಯೆಂದು ರಸ್ತೆಯಲ್ಲಿ ಹೋಗುವವರಿಗೆ ತಿಳಿಯುವುದೇ ಇಲ್ಲ. ಈ ಶ್ರೀಮಂತ ಬಡಾವಣೆಗೆ ಹೆಸರು ಬಂದದ್ದು ಡೆನ್ಮಾರ್ಕಿನ ಲೇಖಕಿ ಕರೆನ್ ಬ್ಲಿಕ್ಸೆನ್‌ಳಿಂದ ಎಂದು ಎಲ್ಲರೂ ಹೇಳುತ್ತಾರೆ. ಹಾಗಲ್ಲ, ಅವಳ ಮನೆಯವರು ಹಣ ಹಾಕಿ ನಡೆಸಿದ ಕಾಫಿ ಕಂಪನಿಗೆ ಸೋದರಮಾವನ ಮಗಳ ಹೆಸರಿಟ್ಟಿದ್ದರು, ಅವಳೂ ಕರೆನ್ನೇ, ಬಡಾವಣೆಗೆ ಉಳಿದದ್ದು ಆ ಕಂಪನಿಯ ಹೆಸರು ಎಂಬ ವಾದವೂ ಇದೆ. ಲೇಖಕಿಗಂತೂ ಅದು ತನ್ನದೇ ಹೆಸರೆಂಬ ನಂಬಿಕೆ ಇತ್ತು.

ಬಡಾವಣೆಯ ನಡುವೆ, ಹಳೆಯ ಮರಗಳ ನೆರಳಿನಲ್ಲಿ, ಆಕೆ ಬಾಳಿದ ಮನೆ ಇದೆ. ಬೂದು ಬಣ್ಣದ ಕಲ್ಲಿನ ಗೋಡೆ, ಕೆಂಪು ಹೆಂಚು, ಅಗಲವಾದ ಜಗುಲಿ. 1912ರಲ್ಲಿ ಸ್ವೀಡನ್ನಿನವನೊಬ್ಬ ಕಟ್ಟಿಸಿದ್ದು. ಜಗುಲಿಯಲ್ಲಿ ನಿಂತರೆ ಹುಲ್ಲುಹಾಸಿನ ಆಚೆ, ಮರಗಳ ಸಾಲಿನ ಮೇಲೆ, ಎನ್‌ಗಾಂಗ್ ಬೆಟ್ಟದ ನಾಲ್ಕು ನೆತ್ತಿಗಳು ನೀಲಿಯಾಗಿ ಕಾಣುತ್ತವೆ. ಬೆಟ್ಟದ ಏಣಿನ ಮೇಲೆ ಈಗ ವಿದ್ಯುತ್ ಉತ್ಪಾದಿಸುವ ಗಾಳಿಯಂತ್ರಗಳು ತಿರುಗುತ್ತವೆ. ಮಿಕ್ಕಂತೆ ನೋಟ ಹೆಚ್ಚು ಬದಲಾಗಿಲ್ಲ.

ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು 1985ರ ‘ಔಟ್ ಆಫ್ ಆಫ್ರಿಕಾ’ ಸಿನಿಮಾ ನೋಡಿ ಬಂದವರು. ಮೆರಿಲ್ ಸ್ಟ್ರೀಪ್ ಮತ್ತು ರಾಬರ್ಟ್ ರೆಡ್‌ಫರ್ಡ್ ನಟಿಸಿದ ಆ ಚಿತ್ರಕ್ಕೆ ಏಳು ಆಸ್ಕರ್ ಬಂದವು. ಸಿನಿಮಾದ ಮನೆ ಇದಲ್ಲ, ಚಿತ್ರೀಕರಣ ನಡೆದದ್ದು ಹತ್ತಿರದ ಇನ್ನೊಂದು ಮನೆಯಲ್ಲಿ. ಆದರೆ ಚಿತ್ರಕ್ಕಾಗಿ ಮಾಡಿಸಿದ ಕೆಲವು ಸಾಮಾನುಗಳನ್ನು ಆಮೇಲೆ ಈ ಮನೆಗೆ ಕೊಟ್ಟಿದ್ದಾರೆ. ಹೀಗಾಗಿ ಯಾವುದು ಕರೆನ್ ಮುಟ್ಟಿದ್ದು, ಯಾವುದು ಮೆರಿಲ್ ಸ್ಟ್ರೀಪ್ ಮುಟ್ಟಿದ್ದು ಎಂದು ಕೇಳಿ ತಿಳಿದುಕೊಳ್ಳಬೇಕು. ನೋಡುಗರ ಕಣ್ಣು ಊಟದ ಮೇಜು, ಪುಸ್ತಕದ ಕಪಾಟು, ಮಲಗುವ ಕೋಣೆಗಳ ಮೇಲೆಯೇ ಹೆಚ್ಚು.

ಮನೆಯ ಹೊರಗೆ, ಬೇರೆಯಾಗಿ, ಅಡುಗೆಮನೆ ಇದೆ. ಹೊಗೆ, ಬೆಂಕಿಯ ಭಯ ಎರಡೂ ಬೇಡವೆಂದು ಆ ಕಾಲದ ಬಿಳಿಯರ ಮನೆಗಳಲ್ಲಿ ಅಡುಗೆಮನೆ ಹಾಗೇ ಇರುತ್ತಿತ್ತು. ಒಂದು ಕಬ್ಬಿಣದ ಸೌದೆ ಒಲೆ, ಹಳೆಯ ಕಾಲದ ಪಾತ್ರೆಪಗಡ. ಇಂಥ ಒಲೆಯ ಮುಂದೆ ನಿಂತು ಕಿಕುಯು ಜನಾಂಗದ ಒಬ್ಬ ಹುಡುಗ, ತಾನು ಯಾವತ್ತೂ ಇಷ್ಟಪಟ್ಟು ತಿನ್ನದ ಫ್ರೆಂಚ್ ಅಡುಗೆಯನ್ನು ವರ್ಷಗಟ್ಟಲೆ ಮಾಡಿದ. ಅವನ ಹೆಸರು ಕಮಾಂಟೆ ಗತೂರ.

ಕರೆನ್ ಇಲ್ಲಿಗೆ ಬಂದದ್ದು 1914ರ ಜನವರಿಯಲ್ಲಿ. ಮೊಂಬಾಸ ಬಂದರಿನಲ್ಲಿ ಇಳಿದ ಬೆನ್ನಿಗೇ ಸ್ವೀಡನ್ನಿನ ಶ್ರೀಮಂತ ಮನೆತನದ ಬ್ರೋರ್ ಬ್ಲಿಕ್ಸೆನ್‌ನೊಂದಿಗೆ ಮದುವೆಯಾಯಿತು. ತೋಟ ಆರು ಸಾವಿರ ಎಕರೆ, ಅದರಲ್ಲಿ ಕಾಫಿ ಆರುನೂರು ಎಕರೆ. ಎತ್ತರ ಸಮುದ್ರಮಟ್ಟದಿಂದ ಆರು ಸಾವಿರ ಅಡಿಗೂ ಮೇಲೆ. ನಮ್ಮ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರಿಗೇ ಅರ್ಥವಾಗುತ್ತದೆ. ಇಲ್ಲಿ ಐದು ಸಾವಿರ ಅಡಿ ದಾಟಿದ ಕಾಫಿ ತೋಟವೇ ಅಪರೂಪ. ಎನ್‌ಗಾಂಗ್ ಬುಡದಲ್ಲಿ ರಾತ್ರಿಯ ಚಳಿ ಹೆಚ್ಚು, ಮಳೆ ನಂಬುವಂತಿಲ್ಲ, ಗಾಳಿ ಒಣಗಾಳಿ. ಹೂವೇನೋ ಬೆಳ್ಳಗೆ ಮುಗಿಲಿನಂತೆ ಅರಳುತ್ತಿತ್ತು, ಕುಯ್ಲಿನ ಹೊತ್ತಿಗೆ ಲೆಕ್ಕ ಸರಿಹೋಗುತ್ತಿರಲಿಲ್ಲ. ಕಾಫಿ ಹದಮಾಡುವ ಕಾರ್ಖಾನೆ ಒಮ್ಮೆ ಸುಟ್ಟುಹೋಯಿತು. ಗಂಡನೊಂದಿಗೂ ಬಾಳು ಕೂಡಿಬರಲಿಲ್ಲ. 1921ರಿಂದ ತೋಟದ ಹೊಣೆಯೆಲ್ಲ ಅವಳ ತಲೆಯ ಮೇಲೆ ಬಿತ್ತು, 1925ರಲ್ಲಿ ವಿಚ್ಛೇದನವೂ ಆಯಿತು.

ಈ ನೆಲ ಅವಳದಾದ ಬಗೆಯನ್ನೂ ಹೇಳಬೇಕು. ಇಂಗ್ಲಿಷ್ ಸರ್ಕಾರ ಕಿಕುಯು ಜನರ ನೆಲವನ್ನು ರಾಜನ ಆಸ್ತಿ ಎಂದು ಸಾರಿ ಬಿಳಿಯರಿಗೆ ಕೊಟ್ಟಿತ್ತು. ಅಲ್ಲೇ ಹುಟ್ಟಿ ಬೆಳೆದವರು ಕಾಗದದಲ್ಲಿ ‘ಸ್ಕ್ವಾಟರ್’ಗಳಾದರು, ಅಂದರೆ ಬೇರೆಯವರ ಜಾಗದಲ್ಲಿ ಬಿಡಾರ ಹೂಡಿದವರು! ಒಂದಿಷ್ಟು ಎಕರೆ ಉತ್ತುಕೊಳ್ಳಲು, ದನ ಮೇಯಿಸಲು ಅವರಿಗೆ ಬಿಡುವುದು, ಅದಕ್ಕೆ ಬದಲಾಗಿ ವರ್ಷಕ್ಕೆ 180 ದಿನ ಅವರು ತೋಟದಲ್ಲಿ ದುಡಿಯುವುದು. ನಮ್ಮ ಕಾಫಿ ತೋಟಗಳ ಲೈನುಮನೆಯ ಆಳುಗಳು ಬೇರೆ ಊರಿನಿಂದ ಬಂದವರು, ಇಲ್ಲಿ ತೋಟವೇ ಆಳುಗಳ ಊರಿನ ಮೇಲೆ ಬಂದು ಕೂತಿತ್ತು. ಕರೆನ್‌ಗೆ ಇದು ಗೊತ್ತಿತ್ತು. ಈ ಜನರ ಲೆಕ್ಕದಲ್ಲಿ ತಾನೇ ಅವರ ನೆಲದಲ್ಲಿ ಬಂದು ಕೂತ ಒಬ್ಬ ದೊಡ್ಡ ಸ್ಕ್ವಾಟರ್ ಇರಬಹುದು ಎಂದು ಆಕೆ ಬರೆದಿದ್ದಾಳೆ.

ಕಮಾಂಟೆ ಇಂಥ ಒಂದು ಒಕ್ಕಲು ಕುಟುಂಬದ ಹುಡುಗ. ಬಯಲಿನಲ್ಲಿ ಆಡು ಕಾಯುತ್ತಿದ್ದ. ವಯಸ್ಸು ಒಂಬತ್ತರ ಆಸುಪಾಸು, ನೋಡಲು ಇನ್ನೂ ಚಿಕ್ಕವನು. ಎರಡೂ ಕಾಲುಗಳ ತುಂಬ ಮೇಲಿನಿಂದ ಕೆಳಗಿನವರೆಗೆ ಕೊಳೆತ ಹುಣ್ಣು. ಕರೆನ್ ದಿನಾ ಬೆಳಿಗ್ಗೆ ಒಂದು ಗಂಟೆ ಹೊತ್ತು ಮನೆಯ ಮುಂದೆ ತೋಟದವರಿಗೆ ಔಷಧಿ ಕೊಡುತ್ತಿದ್ದಳು. ವೈದ್ಯ ಓದಿದವಳಲ್ಲ, ಕೈಗೆ ಬಂದಷ್ಟು. ಹುಡುಗನನ್ನು ಕರೆಸಿ ಕಟ್ಟು ಕಟ್ಟಿದಳು, ಬಿಸಿನೀರಿನ ಶಾಖ ಕೊಟ್ಟಳು, ಏನೂ ಗುಣವಾಗಲಿಲ್ಲ. ಎಷ್ಟು ನೋವಾದರೂ ಹುಡುಗ ತುಟಿಪಿಟಕ್ಕೆನ್ನಲಿಲ್ಲ. ಕಡೆಗೆ ಸ್ಕಾಟ್ಲೆಂಡಿನ ಪಾದ್ರಿಗಳ ಆಸ್ಪತ್ರೆಗೆ ಒಯ್ದು ಬಿಟ್ಟಳು. ಮೂರು ತಿಂಗಳ ಮೇಲೆ ಈಸ್ಟರ್ ಹಬ್ಬದ ದಿನ ಕಾಲಿಗೆ ಬಟ್ಟೆ ಸುತ್ತಿಕೊಂಡೇ ಬಂದ. ಅವಳ ಎದುರಿಗೆ ನಿಧಾನವಾಗಿ ಒಂದೊಂದೇ ಸುತ್ತು ಬಿಚ್ಚಿದ. ಕಾಲು ನುಣ್ಣಗಿತ್ತು! ಅವಳ ಮುಖ ನೋಡಬೇಕೆಂದೇ ದಾರಿಯುದ್ದಕ್ಕೂ ಕಟ್ಟು ಬಿಚ್ಚದೆ ಬಂದಿದ್ದ. ತಾನೀಗ ನಿಮ್ಮ ಹಾಗೇ ಕ್ರೈಸ್ತನಾಗಿದ್ದೇನೆ ಎಂದೂ ತಿಳಿಸಿದ.

ಮೊದಲು ನಾಯಿ ನೋಡಿಕೊಳ್ಳುವ ಕೆಲಸ, ಆಮೇಲೆ ಔಷಧಿ ಕೊಡುವಾಗ ಕೈಯಾಳು. ಹಳೆಯ ಅಡುಗೆಯವ ತೀರಿಕೊಂಡ ಮೇಲೆ ಅಡುಗೆಮನೆ ಕಮಾಂಟೆಯ ಪಾಲಿಗೆ ಬಂತು. ಡೆನ್ಮಾರ್ಕಿನಲ್ಲಿ ಒಬ್ಬ ಫ್ರೆಂಚ್ ಅಡುಗೆಯವನ ಹತ್ತಿರ ತಾನು ಕಲಿತದ್ದನ್ನು ಕರೆನ್ ಅವನಿಗೆ ಹೇಳಿಕೊಟ್ಟಳು. ಅವನಿಗೆ ಓದು ಬರಹವಿಲ್ಲ, ಎಲ್ಲವೂ ನೆನಪಿನಲ್ಲಿ. ಒಂದೊಂದು ಸಾಸಿಗೂ ಅದನ್ನು ಕಲಿತ ದಿನದ ಘಟನೆಯ ಹೆಸರಿಟ್ಟಿದ್ದ. ಮರಕ್ಕೆ ಸಿಡಿಲು ಹೊಡೆದ ದಿನದ ಸಾಸು, ಬೂದು ಕುದುರೆ ಸತ್ತ ದಿನದ ಸಾಸು, ಹೀಗೆ. ಯಾವುದೂ ಒಂದಕ್ಕೊಂದು ಅದಲುಬದಲಾಗುತ್ತಿರಲಿಲ್ಲ. ಮೊಟ್ಟೆ ಕಡೆಯುವ ಯಂತ್ರ ತರಿಸಿಕೊಟ್ಟರೆ ಅದನ್ನು ಮೂಲೆಗಿಟ್ಟು, ತೋಟದಲ್ಲಿ ಕಳೆ ತೆಗೆಯುವ ಕತ್ತಿಯಿಂದಲೇ ಬಿಳಿಯನ್ನು ಮೋಡದ ಹಾಗೆ ಉಬ್ಬಿಸುತ್ತಿದ್ದ. ಮಾಡಿದ್ದನ್ನು ರುಚಿ ನೋಡುವುದು ಕಡಿಮೆ, ನೋಡಿದರೂ ಈ ಬಿಳಿಯರು ಇದನ್ನೆಲ್ಲ ಹೇಗೆ ತಿನ್ನುತ್ತಾರಪ್ಪ ಎಂಬ ಮುಖ.

1928ರಲ್ಲಿ ಇಂಗ್ಲೆಂಡಿನ ಯುವರಾಜ ಈ ಮನೆಗೆ ಊಟಕ್ಕೆ ಬಂದ. ಹಂದಿಮಾಂಸದ ಜೊತೆ ಬಡಿಸಿದ ಕಂಬರ್‌ಲೆಂಡ್ ಸಾಸನ್ನು ಹೊಗಳಿದ. ಕರೆನ್ ಅದನ್ನು ಕಮಾಂಟೆಗೆ ಹೇಳಿದಾಗ ಅವನು ಎಂದೂ ಇಲ್ಲದ ಆಸಕ್ತಿಯಿಂದ ಕೇಳಿಸಿಕೊಂಡನಂತೆ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಂದು, ಆ ಸುಲ್ತಾನನ ಮಗ ಹಂದಿಯ ಸಾಸನ್ನು ಪೂರ್ತಿ ತಿಂದನೇ ಎಂದು ವಿಚಾರಿಸಿದ.

ಅವನು ಅವಳನ್ನು ಕರೆಯುತ್ತಿದ್ದದ್ದು ‘ಮ್ಸಾಬು’ ಎಂದು. ಅದು ನಮ್ಮ ಕಡೆಯ ‘ಮೇಮ್‌ಸಾಹೇಬ್’ ಎಂಬುದೇ. ಹಿಂದೂಮಹಾಸಾಗರ ದಾಟಿ ಹೋಗಿ ಆಫ್ರಿಕದ ನಾಲಿಗೆಗೆ ಹೊಂದಿಕೊಂಡ ಪದ. ಹಾಗೆ ದಾಟಿ ಬಂದದ್ದು ಇದೊಂದೇ ಅಲ್ಲ. ತೋಟದ ಕಮ್ಮಾರ, ಬಡಗಿ, ಯಂತ್ರ ರಿಪೇರಿ ಎಲ್ಲವೂ ಆಗಿದ್ದವನು ಪೂರಣ್ ಸಿಂಗ್ ಎಂಬ ಭಾರತೀಯ, ದುಡಿದದ್ದನ್ನು ಊರಿನ ಹೆಂಡತಿ ಮಕ್ಕಳಿಗೆ ಕಳಿಸುತ್ತಿದ್ದ. ಮನೆಯ ಪಡುವಣ ಬದಿಗಿದ್ದ ಕಲ್ಲಿನ ಮೇಜು ಒಂದು ಹಳೆಯ ಗಿರಣಿಯ ಬೀಸುಗಲ್ಲು. ಆಫ್ರಿಕದ ಕಲ್ಲು ಅಷ್ಟು ಗಟ್ಟಿಯಲ್ಲವೆಂದು ಅದನ್ನು ಮುಂಬಯಿಯಿಂದ ತರಿಸಿದ್ದರು ಎಂದು ಆಕೆ ಬರೆದಿದ್ದಾಳೆ.

ತೋಟ ಸಾಲದಲ್ಲಿ ಮುಳುಗುತ್ತಿದ್ದ ದಿನಗಳಲ್ಲಿ ಕರೆನ್ ರಾತ್ರಿ ಊಟದ ಮೇಜಿನಲ್ಲಿ ಕೂತು ಟೈಪು ಮಾಡತೊಡಗಿದಳು. ಕಮಾಂಟೆ ಗೋಡೆಗೊರಗಿ ನಿಂತು ನೋಡುತ್ತಿದ್ದ. ಒಂದು ರಾತ್ರಿ, ಇದು ಪುಸ್ತಕವಾಗುತ್ತದೆಂದು ನಿಮಗೇ ನಂಬಿಕೆ ಇದೆಯೇ ಎಂದು ಕೇಳಿದ. ಕಪಾಟಿನಿಂದ ‘ಒಡಿಸ್ಸಿ’ಯನ್ನು ತಂದು ಮುಂದಿಟ್ಟ. ಇದು ಒಳ್ಳೆಯ ಪುಸ್ತಕ, ಎತ್ತಿ ಕುಲುಕಿದರೂ ಬಿಚ್ಚಿಕೊಳ್ಳುವುದಿಲ್ಲ. ನೀವು ಬರೆದದ್ದು ಅಲ್ಲೊಂದು ಇಲ್ಲೊಂದು, ಬಾಗಿಲು ತೆಗೆದರೆ ನೆಲದ ಮೇಲೆ ಹಾರಾಡುತ್ತದೆ ಎಂಬುದು ಅವನ ವಿಮರ್ಶೆ. ಮಾತು ಮುಂದುವರಿದು ಅದರಲ್ಲಿ ಏನೇನು ಬರುತ್ತದೆ ಎಂದು ಕೇಳಿದಾಗ, ನಿನ್ನ ಕಾಲಿನ ಹುಣ್ಣಿನ ಸಂಗತಿಯೂ ಬರಬಹುದು ಎಂದಳು. ಅದು ಬಂತು ಕೂಡ. 1937ರಲ್ಲಿ ಪ್ರಕಟವಾದ ‘ಔಟ್ ಆಫ್ ಆಫ್ರಿಕಾ’ದಲ್ಲಿ ಮೊದಲೇ ಸಿಗುವವನು ಕಮಾಂಟೆ.

ಇಲ್ಲಿಯವರೆಗೆ ಕತೆ ಸೊಗಸಾಗಿಯೇ ಇದೆ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಕಮಾಂಟೆ ಒಮ್ಮೊಮ್ಮೆ ತನಗೆ ರುಚಿಯೆನಿಸಿದ್ದನ್ನು, ಒಂದು ಸುಟ್ಟ ಜೋಳದ ತೆನೆಯನ್ನೋ ಕುರಿಕೊಬ್ಬು ಸವರಿದ ಗೆಣಸನ್ನೋ, ಒಡತಿಗೆ ತಂದು ಕೊಡುತ್ತಿದ್ದ. ಇಷ್ಟು ದೊಡ್ಡ ಅಡುಗೆ ಬಲ್ಲವನು ತನ್ನ ತಾಯಿಮನೆಯ ತಿಂಡಿಯನ್ನು ಹಂಚಿಕೊಳ್ಳುವುದೆಂದರೆ ಅದಕ್ಕಿಂತ ಸಲಿಗೆ ಬೇರೆ ಬೇಕೆ? ಅವಳು ಅದನ್ನು ಹೋಲಿಸಿದ್ದು ಮನುಷ್ಯರ ನಡುವೆ ಬಹುಕಾಲ ಬಾಳಿದ ನಾಯಿ ತನ್ನ ಮೂಳೆಯನ್ನು ತಂದು ಯಜಮಾನನ ಎದುರಿಗಿಡುವುದಕ್ಕೆ.

ಇದನ್ನು ಬಿಡದೆ ಹಿಡಿದವರು ಗೂಗಿ ವಾ ಥಿಯಾಂಗೊ. ಕಿಕುಯು ಭಾಷೆಯಲ್ಲೇ ಬರೆಯುತ್ತೇನೆಂದು ಇಂಗ್ಲಿಷ್ ಕಾದಂಬರಿ ಬಿಟ್ಟ ಗೂಗಿ ಹುಟ್ಟಿದ್ದು ಇಲ್ಲಿಂದ ಬಹಳ ದೂರವಲ್ಲದ ಲಿಮುರು ಸೀಮೆಯಲ್ಲಿ, ತೀರಿಕೊಂಡದ್ದು 2025ರಲ್ಲಿ. 1993ರಲ್ಲಿ ಬಂದ ಅವರ ಪ್ರಬಂಧ ಸಂಕಲನದಲ್ಲಿ ಕರೆನ್ ಬ್ಲಿಕ್ಸೆನ್ ಮೇಲಿನ ಲೇಖನದ ಹೆಸರೇ ‘ಅವಳ ಅಡುಗೆಯವ, ಅವಳ ನಾಯಿ’. ಒರಟಾಗಿ ಬೈಯುವ ಬಿಳಿಯನನ್ನು ಗುರುತಿಸುವುದು ಸುಲಭ, ಪ್ರೀತಿಯ ಮಾತಿನಲ್ಲಿ ಬರುವ ಜನಾಂಗಭೇದ ಹೆಚ್ಚು ಅಪಾಯದ್ದು ಎಂಬುದು ಅವರ ಆಕ್ಷೇಪ. ಅದಕ್ಕೆ ಉತ್ತರ ಕೊಡುವುದು ಕಷ್ಟ. ಆ ಸಾಲು ಅಲ್ಲಿದೆ, ಅಳಿಸಲಾಗದು. ಬ್ಲಿಕ್ಸೆನ್ ಅಭಿಮಾನಿಗಳು ಆಕೆ ನಾಯಿಗಳನ್ನು ಎಷ್ಟು ಗೌರವಿಸುತ್ತಿದ್ದಳೆಂದು ವಾದಿಸುತ್ತಾರೆ. ಸ್ವತಃ ಹೋಲಿಕೆಗೆ ಒಳಗಾದವರ ಕಿವಿಗೆ ಈ ವಾದ ಹೇಗೆ ಕೇಳುತ್ತದೆ ಎಂಬುದು ಬೇರೆ.

ಈ ಮನೆಯಲ್ಲಿ ಇನ್ನೊಬ್ಬನಿದ್ದ, ಫರಾ. ಸೋಮಾಲಿಯಾದ ಮುಸಲ್ಮಾನ, ಎತ್ತರದ ಆಳು, ತಲೆಗೆ ರುಮಾಲು. ಕರೆನ್ ಆಫ್ರಿಕಕ್ಕೆ ಬರುವಾಗ ದಾರಿಯ ಏಡನ್ ಬಂದರಿನಲ್ಲೇ ಅವಳನ್ನು ಎದುರುಗೊಂಡವನು. ಅಂದಿನಿಂದ ಹದಿನೇಳು ವರ್ಷ ಮನೆಯ ಪಾರುಪತ್ಯವೆಲ್ಲ ಅವನದು. ಕೀಲಿಕೈ, ಹಣದ ಚೀಲ, ಆಳುಗಳ ಪಂಚಾಯಿತಿ, ಒಡತಿಗೂ ಕಿಕುಯುಗಳಿಗೂ ನಡುವೆ ದುಭಾಷಿ. ಸೋಮಾಲಿಗಳು ಕಿಕುಯುಗಳನ್ನು ತಮಗಿಂತ ಕೆಳಗೆಂದೇ ಎಣಿಸುತ್ತಿದ್ದರಾದ್ದರಿಂದ ಈ ಮನೆಯಲ್ಲಿ ಮೇಲುಕೀಳಿನ ಗೆರೆ ಬಿಳಿ-ಕಪ್ಪಿನ ನಡುವೆ ಮಾತ್ರ ಇತ್ತೆಂದು ತಿಳಿಯಬಾರದು. ಹಣ ಕೊಟ್ಟ ಕರೆನ್ ಲೆಕ್ಕ ಕೇಳುತ್ತಿರಲಿಲ್ಲ. 1960ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು, ಬರೆದ ಚಿಕ್ಕ ಪುಸ್ತಕದಲ್ಲಿ ಆಕೆ ಮತ್ತೆ ಹಿಂತಿರುಗುವುದು ಇದೇ ಫರಾನ ಕಡೆಗೆ. ಒಡೆಯ ಮತ್ತು ಸೇವಕ ಸೇರಿ ಒಂದೇ ಜೀವ, ಡಾನ್ ಕ್ವಿಕ್ಸಾಟ್ ಮತ್ತು ಸಾಂಕೊ ಪಾಂಜಾನ ಹಾಗೆ ಎನ್ನುತ್ತಾಳೆ. ಒಡೆಯನ ಸ್ಥಾನದಲ್ಲಿ ಕೂತವರಿಗೆ ಹಾಗೆ ಅನಿಸುವುದು ಸುಲಭ ಎಂದುಬಿಡಬಹುದಿತ್ತು. ಆದರೆ 1931ರಲ್ಲಿ ತೋಟ ಮಾರಾಟವಾಗಿ, ಮನೆಯ ಸಾಮಾನು ಒಂದೊಂದೇ ಹೊರಟು, ಕರೆನ್ ಬರಿಗೈಯಾಗಿ ನೈರೋಬಿಯ ಕಚೇರಿಗಳನ್ನು ಸುತ್ತುತ್ತಿದ್ದ ದಿನಗಳಲ್ಲಿ ಫರಾ ಒಂದು ಕೆಲಸ ಮಾಡಿದ. ತನ್ನ ಪೆಟ್ಟಿಗೆಯಲ್ಲಿದ್ದ ಅತ್ಯುತ್ತಮ ಜರತಾರಿ ಅಂಗಿ, ರೇಷ್ಮೆ, ಬಣ್ಣದ ರುಮಾಲುಗಳನ್ನು ಹೊರತೆಗೆದು ದಿನಾ ಉಟ್ಟುಕೊಂಡು ಅವಳ ಹಿಂದೆ ಒಂದು ಹೆಜ್ಜೆ ಬಿಟ್ಟು ನಡೆದ. ದಿವಾಳಿಯಾದ ಹೆಂಗಸಿನ ಹಿಂದೆ ರಾಜನ ಓಲಗದವನಂಥ ಸೇವಕ! ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಹೊರಡುವ ಮುನ್ನ ಕರೆನ್ ಮಾಡಿದ ಕೆಲಸವೂ ಒಂದಿದೆ. ತೋಟವನ್ನು ಕೊಂಡ ಕಂಪನಿ ಅದನ್ನು ಮನೆ ನಿವೇಶನಗಳಾಗಿ ವಿಂಗಡಿಸಲು ಹೊರಟಿತ್ತು. ಒಕ್ಕಲು ಕುಟುಂಬಗಳಿಗೆ ಜಾಗ ಬಿಡುವಂತೆ ನೋಟಿಸು ಬಂತು. ಅವರಿಗೆ ನೆಲದ ಮೇಲೆ ಕಾಯಿದೆಯ ಹಕ್ಕಿಲ್ಲ, ಚದುರಿ ಹೋಗಬೇಕು. ತಮ್ಮೆಲ್ಲರನ್ನೂ ಒಂದೇ ಕಡೆ, ದನಕರುಗಳ ಸಮೇತ, ನೆಲೆಗೊಳಿಸಬೇಕೆಂಬುದು ಅವರ ಬೇಡಿಕೆ. ನೆಲ ಕಿತ್ತುಕೊಂಡರೆ ಈ ಜನರ ಹಿಂದಿನದನ್ನೆಲ್ಲ ಕಿತ್ತುಕೊಂಡಂತೆ ಎಂದು ಕರೆನ್‌ಗೆ ಅನಿಸಿತು. ತನ್ನ ಗೋಳನ್ನು ಬದಿಗಿಟ್ಟು ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದಳು, ಗವರ್ನರ್‌ವರೆಗೂ ಹೋದಳು. ಸಿನಿಮಾದಲ್ಲಿ ಆಕೆ ಗವರ್ನರನ ಮುಂದೆ ಮಂಡಿಯೂರುವ ದೃಶ್ಯ ಬಹಳ ಜನರಿಗೆ ನೆನಪಿರಬಹುದು. ಕಡೆಗೆ ದಗೊರೆಟ್ಟಿ ಮೀಸಲು ಅರಣ್ಯದ ಒಂದು ಭಾಗವನ್ನು ಅವರಿಗೆ ಬಿಟ್ಟುಕೊಡಲು ಸರ್ಕಾರ ಒಪ್ಪಿತು. ಕಿಕುಯುಗಳ ನೆಲದ ಒಂದು ತುಂಡನ್ನು ಕಿಕುಯುಗಳಿಗೇ ದಯಪಾಲಿಸಲು ಇಷ್ಟೆಲ್ಲ ಬೇಕಾಯಿತು. ಆದರೂ ಅಂದಿನ ಕೀನ್ಯಾದಲ್ಲಿ ಬಿಳಿಯ ತೋಟದವರೊಬ್ಬರು ತಮ್ಮ ಆಳುಗಳಿಗಾಗಿ ಹೀಗೆ ಅಲೆದದ್ದು ಸಣ್ಣ ಮಾತಲ್ಲ. ಗೂಗಿಯವರ ಆಕ್ಷೇಪವನ್ನು ಒಪ್ಪಿಕೊಂಡ ಮೇಲೂ ಈ ಅಲೆದಾಟ ಲೆಕ್ಕದಲ್ಲಿ ಉಳಿಯುತ್ತದೆ.

ರೈಲಿನಲ್ಲಿ ಅವಳ ಜೊತೆ ಫರಾ ಇದ್ದ. ಎಂಜಿನ್ನಿಗೆ ನೀರು ತುಂಬುವಾಗ ಸಂಬೂರು ನಿಲ್ದಾಣದ ಪ್ಲಾಟ್‌ಫಾರಮ್ಮಿನಲ್ಲಿ ಇಬ್ಬರೂ ನಡೆದಾಡಿದರು. ಅಲ್ಲಿಂದ ಕೊನೆಯ ಬಾರಿ ಎನ್‌ಗಾಂಗ್ ಬೆಟ್ಟ ಕಂಡಿತು ಎಂದು ಅವಳ ಪುಸ್ತಕ ಮುಗಿಯುತ್ತದೆ. ನಕ್ಷೆ ತೆಗೆದು ನೋಡಿದರೆ ಸಂಬೂರು ನಿಲ್ದಾಣ ಇರುವುದು ಮೊಂಬಾಸದ ಹತ್ತಿರ. ನೂರಾರು ಮೈಲಿ ದೂರದ ಬೆಟ್ಟ ಅಲ್ಲಿಗೆ ಕಾಣುವುದು ಸಾಧ್ಯವಿಲ್ಲ. ಆದರೆ ಅವಳಿಗೆ ಕಂಡಿತು, ಪಕ್ಕದಲ್ಲಿ ಫರಾ ನಡೆಯುತ್ತಿದ್ದ. ಆಮೇಲೆ ಆಕೆ ಆಫ್ರಿಕಕ್ಕೆ ಮರಳಲಿಲ್ಲ.

ಕಾಗದಗಳು ಮಾತ್ರ ಬಂದವು. ಬರಹ ಬಾರದ ಕಮಾಂಟೆ, ಪೋಸ್ಟಾಫೀಸಿನ ಹೊರಗೆ ಮೇಜು ಹಾಕಿಕೊಂಡು ಕಾಸಿಗೆ ಕಾಗದ ಬರೆದುಕೊಡುತ್ತಿದ್ದ ಭಾರತೀಯರನ್ನೋ ಸ್ಥಳೀಯರನ್ನೋ ಹಿಡಿದು ಇಂಗ್ಲಿಷಿನಲ್ಲಿ ಬರೆಸುತ್ತಿದ್ದ. ಬರೆದುಕೊಡುವವರ ಇಂಗ್ಲಿಷೂ ಅಷ್ಟಕ್ಕಷ್ಟೆ. ಬಹಳ ದಿನದಿಂದ ಕೆಲಸವಿಲ್ಲ, ನೀವು ತಿರುಗಿ ಬರುತ್ತೀರೆಂದು ಇಲ್ಲಿ ಎಲ್ಲರೂ ನಂಬಿದ್ದೇವೆ, ನಮ್ಮನ್ನು ಮರೆಯುವುದು ನಿಮ್ಮಿಂದಾಗದು ಎಂಬ ಸಾರ. ಯುವರಾಜನಿಂದ ಹೊಗಳಿಸಿಕೊಂಡ ಕೈಗೆ ನೈರೋಬಿಯಲ್ಲಿ ಅದಕ್ಕೆ ತಕ್ಕ ಒಲೆ ಸಿಗಲಿಲ್ಲ. ಕರೆನ್ ಹೇಳಿಕೊಟ್ಟ ವಿದ್ಯೆ ಅವಳ ಮನೆಯ ಹೊರಗೆ ಯಾರಿಗೂ ಬೇಡವಾಗಿತ್ತು.

1960ರ ದಶಕದಲ್ಲಿ ಅಮೆರಿಕದ ಛಾಯಾಗ್ರಾಹಕ ಪೀಟರ್ ಬಿಯರ್ಡ್ ಕಮಾಂಟೆಯನ್ನು ಹುಡುಕಿಕೊಂಡು ಬಂದ. ಡೆನ್ಮಾರ್ಕಿಗೆ ಹೋಗಿ, ಮುಪ್ಪಿನಲ್ಲಿ ಸೊರಗಿ ಕಡ್ಡಿಯಾಗಿದ್ದ ಕರೆನ್ನಳ ಚಿತ್ರ ತೆಗೆದವನು ಆತ. ಹಳೆಯ ಕಾಫಿ ತೋಟದ ಪಕ್ಕದಲ್ಲೇ ಅವನು ಹೂಡಿದ ಬಿಡಾರದಲ್ಲಿ ಕಮಾಂಟೆ ಮತ್ತೆ ನೆಲೆ ಕಂಡುಕೊಂಡ. ಈ ಸಲ ಹೇಳುವ ಸರದಿ ಅವನದು. ತೋಟದ ದಿನಗಳು, ಮ್ಸಾಬು, ಕಾಲಿನ ಹುಣ್ಣು, ಪ್ರಾಣಿಗಳ ಕತೆಗಳು ಎಲ್ಲವನ್ನೂ ಅವನು ಹೇಳಿದ, ಮಕ್ಕಳು ಕೈಬರಹದಲ್ಲಿ ಬರೆದುಕೊಂಡರು. ಚಿತ್ರಗಳನ್ನು ತಾನೇ ಬಿಡಿಸಿದ. 1975ರಲ್ಲಿ ಅದು ‘ಲಾಂಗಿಂಗ್ ಫಾರ್ ಡಾರ್ಕ್‌ನೆಸ್’ ಎಂಬ ಹೆಸರಿನಲ್ಲಿ ನ್ಯೂಯಾರ್ಕಿನಿಂದ ಪ್ರಕಟವಾಯಿತು. ಗಟ್ಟಿ ರಟ್ಟಿನ ದೊಡ್ಡ ಪುಸ್ತಕ. ಎತ್ತಿ ಕುಲುಕಿದರೆ ಹಾಳೆ ಉದುರುವುದಿಲ್ಲ.

ಬ್ಲಿಕ್ಸೆನ್ ಮನೆಯನ್ನು ಡೆನ್ಮಾರ್ಕ್ ಸರ್ಕಾರ 1964ರಲ್ಲೇ ಸ್ವತಂತ್ರ ಕೀನ್ಯಾಕ್ಕೆ ಕೊಡುಗೆಯಾಗಿ ಕೊಟ್ಟಿತ್ತು. ಬಹುಕಾಲ ಅದು ಕಾಲೇಜೊಂದರ ಆವರಣದೊಳಗಿತ್ತು. ಸಿನಿಮಾ ಬಂದ ಮೇಲೆ 1986ರಲ್ಲಿ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಹಿತ್ತಲಿನ ಮರಗಳ ಅಡಿಯಲ್ಲಿ ತುಕ್ಕು ಹಿಡಿದ ಕಾಫಿ ಯಂತ್ರಗಳು ಹಾಗೇ ಇವೆ. ಅಡುಗೆಮನೆಯನ್ನು ದುರಸ್ತಿ ಮಾಡಿ, ಹಳೆಯ ಮಾದರಿಯ ಒಲೆಯೊಂದನ್ನು ತಂದು ಇಟ್ಟಿದ್ದಾರೆ. ಅದು ಸರಿಯಾದ ಜಾಗದಲ್ಲಿದೆಯೇ ಎಂದು ಹೇಳಬಲ್ಲ ಕಮಾಂಟೆ 1985ರಲ್ಲೇ ತೀರಿಕೊಂಡಿದ್ದ.